ಒಂದೇ ಕಾದಂಬರಿಯೊಳಗಿನ ‘ನಾನು’ ಮತ್ತು ‘ಅವನು’

ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂಬ ಪ್ರಶ್ನೆಗೆ ಕಾದಂಬರಿಕಾರ ಕಂಡುಕೊಳ್ಳುವ ಉತ್ತರವೇ ಆ ಕೃತಿಯಲ್ಲಿ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಪಾತ್ರವೊಂದು ‘ನಾನು’ ಎನ್ನುತ್ತ ಕಥೆ ಹೇಳಿದರೆ ಅದು ಉತ್ತಮ ಪುರುಷ ನಿರೂಪಣೆ. ಕಥೆಯ ಹೊರಗೆ ನಿಂತ ದನಿಯೊಂದು ‘ಅವನು’, ‘ಅವಳು’ ಎಂದು ಹೇಳಿದರೆ ಅದು, ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ, ಪ್ರಥಮ ಪುರುಷ ನಿರೂಪಣೆ. ಮೊದಲನೆಯ ನಿರೂಪಕ ತಾನು ಕಂಡದ್ದನ್ನು, ಕೇಳಿದ್ದನ್ನು, ಊಹಿಸಿದ್ದನ್ನು ಮಾತ್ರ ಹೇಳಬಲ್ಲ. ತಾನಿಲ್ಲದ ಕೋಣೆಯಲ್ಲಿ ನಡೆದದ್ದು ಅವನಿಗೆ ತಿಳಿಯದು, ಆದರೆ ತನ್ನ ಸಂಕಟಕ್ಕೆ ಅವನೇ ಸಾಕ್ಷಿಯಾದ್ದರಿಂದ ಅವನ ಮಾತಿಗೆ ಬೇರೆಯದೇ ತೂಕವಿರುತ್ತದೆ. ಎರಡನೆಯವನು, ವಿಮರ್ಶಕರು ಸರ್ವಜ್ಞ ನಿರೂಪಕನೆಂದು ಕರೆಯುವ ಬಗೆಯವನಾದರೆ, ಎಲ್ಲ ಮನೆಗಳಿಗೂ ಎಲ್ಲರ ಮನಸ್ಸಿನೊಳಕ್ಕೂ ಹೋಗಿಬರಬಲ್ಲನಾದರೂ, ಕಥೆಯಲ್ಲಿ ಅವನು ಕಳೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಇವೆರಡನ್ನೂ ಬೆರೆಸಬಾರದೆಂದು ಹೊಸ ಬರಹಗಾರರಿಗೆ ಹೇಳುವುದುಂಟು. ಅಭ್ಯಾಸದ ಹಂತದಲ್ಲಿ ಈ ಕಿವಿಮಾತು ಉಪಯುಕ್ತವೇ ಆದರೂ, ಅದನ್ನು ಸಾಹಿತ್ಯದ ನಿಯಮವೆಂದು ತಿಳಿದರೆ ಕಾದಂಬರಿಯ ಚರಿತ್ರೆಯ ಕೆಲವು ಅತಿ ದೊಡ್ಡ ಕೃತಿಗಳನ್ನೇ ಕೈಬಿಡಬೇಕಾಗುತ್ತದೆ.

ಚಾರ್ಲ್ಸ್ ಡಿಕನ್ಸ್ 1852ರಿಂದ 1853ರವರೆಗೆ ತಿಂಗಳ ಕಂತುಗಳಲ್ಲಿ ಪ್ರಕಟಿಸಿದ ‘ಬ್ಲೀಕ್ ಹೌಸ್’ ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ. ಅದರ 67 ಅಧ್ಯಾಯಗಳಲ್ಲಿ 33ನ್ನು ಎಸ್ತರ್ ಸಮ್ಮರ್ಸನ್ ಎಂಬ, ಅನಾಥಳಾಗಿ ಬೆಳೆದ ಯುವತಿ ತನ್ನ ಮಾತಿನಲ್ಲಿ, ಭೂತಕಾಲದಲ್ಲಿ ಹೇಳುತ್ತಾಳೆ. ಉಳಿದವನ್ನು ಹೆಸರಿಲ್ಲದ ಸರ್ವಜ್ಞ ನಿರೂಪಕ ವರ್ತಮಾನಕಾಲದಲ್ಲಿ ಹೇಳುತ್ತಾನೆ. ತಲೆಮಾರುಗಳಿಂದ ಎಳೆಯುತ್ತ ಬಂದ ದಾವೆಯೊಂದನ್ನು ನಡೆಸುತ್ತಿರುವ ಚಾನ್ಸರಿ ನ್ಯಾಯಾಲಯ, ಲಂಡನ್ನಿನ ಮಂಜು, ಶ್ರೀಮಂತರ ಬಂಗಲೆ, ಕೊಳೆಗೇರಿ ಇವೆಲ್ಲ ಅವನ ವ್ಯಾಪ್ತಿಯವು. ಎಸ್ತರಳದಾದರೋ ಮನೆಯ ಬೀಗದ ಕೈ, ಗೆಳತಿಯರು, ರೋಗಿಗಳ ಶುಶ್ರೂಷೆ ಮತ್ತು ತಾನು ಯಾರ ಮಗಳೆಂಬ ಪ್ರಶ್ನೆ. ಎಸ್ತರಳ ತಾಯಿ ಯಾರೆಂಬುದು ಓದುಗರಿಗೆ ತಿಳಿಯುವುದು ಸರ್ವಜ್ಞ ನಿರೂಪಕನ ಅಧ್ಯಾಯದಲ್ಲಿ, ಎಸ್ತರಳಿಗೆ ಅದು ತಿಳಿಯುವುದು ಎಷ್ಟೋ ಅಧ್ಯಾಯಗಳ ತರುವಾಯ. ಹೀಗಾಗಿ ಆ ನಡುವೆ ಅವಳು ಹೇಳುವ ಸರಳ ವಾಕ್ಯಗಳನ್ನೂ, ಅವಳಿಗಿಲ್ಲದ ಅರಿವೊಂದನ್ನು ಹೊತ್ತು, ಕಳವಳದಿಂದ ಓದಬೇಕಾಗುತ್ತದೆ.

ಎರಡು ನಿರೂಪಣೆಗಳ ನಡುವೆ ಓಡಾಡುವ ಜೋ ಎಂಬ ಬೀದಿ ಗುಡಿಸುವ ಹುಡುಗನ ಕಥೆಯಲ್ಲಿ ಈ ವಿಧಾನದ ಫಲ ಇನ್ನೂ ಗಾಢವಾಗಿ ಕಾಣುತ್ತದೆ. ಜ್ವರದಿಂದ ನಡುಗುವ ಅವನನ್ನು ಮನೆಗೆ ಕರೆತಂದು ಆಶ್ರಯ ಕೊಡುವ ಪ್ರಸಂಗವನ್ನು ಎಸ್ತರ್ ಹೇಳುತ್ತಾಳೆ. ಆ ರೋಗ ಮೊದಲು ಅವಳ ಪುಟ್ಟ ಸೇವಕಿಗೆ, ಬಳಿಕ ಅವಳಿಗೇ ತಗುಲಿ, ಅವಳ ಮುಖವನ್ನೇ ಮಾರ್ಪಡಿಸಿಬಿಡುತ್ತದೆ. ಜೋನ ಸಾವನ್ನು ಹೇಳುವವನು ಮಾತ್ರ ಸರ್ವಜ್ಞ ನಿರೂಪಕ. ಅವನು ಆ ಗಳಿಗೆಯಲ್ಲಿ ಕಥೆಯನ್ನು ಬಿಟ್ಟು ರಾಣಿಯತ್ತ, ಪ್ರಭುಗಳತ್ತ, ಧರ್ಮಗುರುಗಳತ್ತ ತಿರುಗಿ, ಇಂಥ ಸಾವುಗಳು ದಿನವೂ ಸುತ್ತಮುತ್ತ ಸಂಭವಿಸುತ್ತಿವೆಯೆಂದು ನೇರವಾಗಿ ಆರೋಪಿಸುತ್ತಾನೆ. ಆ ಆರೋಪ ವಿನಯವೇ ಸ್ವಭಾವವಾದ ಎಸ್ತರಳ ಬಾಯಿಗೆ ಒಗ್ಗುವುದಿಲ್ಲ. ಹಾಗೆಯೇ, ಕನ್ನಡಿಯಲ್ಲಿ ತನ್ನ ಬದಲಾದ ಮುಖವನ್ನು ಮೊದಲ ಬಾರಿಗೆ ನೋಡಿಕೊಳ್ಳುವ ನೋವು ಹೊರಗಿನ ದನಿಯ ಅಳವಿಗೆ ಸಿಕ್ಕುವುದಿಲ್ಲ. ಕರುಣೆಗೂ ಸಾರ್ವಜನಿಕ ಕೋಪಕ್ಕೂ ಬೇರೆ ಬೇರೆ ನಾಲಗೆ ಬೇಕೆಂಬುದನ್ನು ಡಿಕನ್ಸ್ ಇಲ್ಲಿ ಕಂಡುಕೊಂಡಿದ್ದಾನೆ, ಮತ್ತು ಈ ಕಾದಂಬರಿಯ ಹಿರಿಮೆ ಬಹುಪಾಲು ಇದರಲ್ಲೇ ಇದೆ.

ವಿಲಿಯಂ ಫಾಕ್ನರ್‌ನ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ (1929) ಪರ್ಯಾಯದ ಬದಲು ಸರಣಿಯನ್ನು ಆರಿಸಿಕೊಳ್ಳುತ್ತದೆ. ಮೊದಲ ಮೂರು ಭಾಗಗಳಲ್ಲಿ ಒಂದೇ ಕುಟುಂಬದ ಮೂವರು ಸೋದರರು ಒಬ್ಬರಾದ ಮೇಲೊಬ್ಬರು ‘ನಾನು’ ಎನ್ನುತ್ತಾರೆ. ಅವರೆಲ್ಲರ ಮನಸ್ಸನ್ನು ಆವರಿಸಿರುವ ಸೋದರಿ ಕ್ಯಾಡಿಗೆ ಸ್ವಂತ ಭಾಗವೇ ಇಲ್ಲ. ನಾಲ್ಕನೆಯ ಭಾಗದಲ್ಲಿ ಪ್ರಥಮ ಪುರುಷ ಬಂದು, ಮನೆಯ ಕಪ್ಪು ಜನಾಂಗದ ಅಡುಗೆಯವಳಾದ ಡಿಲ್ಸಿಯನ್ನು ಹಿಂಬಾಲಿಸಿದಾಗ, ಅದುವರೆಗೆ ಒಳಗಿನಿಂದಷ್ಟೇ ಕಂಡ ಆ ಮನೆ ಮೊದಲ ಸಲ ಹೊರಗಿನಿಂದ, ಹಗಲ ಬೆಳಕಿನಲ್ಲಿ ಕಾಣುತ್ತದೆ. ಆಲ್ಬೇರ್ ಕಮೂ ‘ಪ್ಲೇಗ್’ (1947) ಕಾದಂಬರಿಯಲ್ಲಿ ಮಾಡಿದ್ದು ಮತ್ತೊಂದು ಬಗೆಯದು: ಡಾಕ್ಟರ್ ರಿಯೂ ಎಂಬವನನ್ನು ಕೃತಿಯುದ್ದಕ್ಕೂ ‘ಅವನು’ ಎಂದೇ ಕರೆದು, ಈ ವೃತ್ತಾಂತ ಬರೆದವನು ಆತನೇ ಎಂಬುದನ್ನು ಕೊನೆಗಷ್ಟೇ ತಿಳಿಸಲಾಗುತ್ತದೆ. ಊರೆಲ್ಲ ನರಳಿದ ಕಾಲದಲ್ಲಿ ತನ್ನ ದುಃಖವನ್ನು ಮುಂದಿಡದೆ ಎಲ್ಲರ ಪರವಾಗಿ ಸಾಕ್ಷಿ ನುಡಿಯಬೇಕೆಂಬ ನೈತಿಕ ನಿರ್ಧಾರವೇ ಅಲ್ಲಿ ನಿರೂಪಣೆಯ ತಂತ್ರವಾಗಿದೆ.

ಕನ್ನಡದಲ್ಲಿ ಈ ಬೆರಕೆ ಅಧ್ಯಾಯಗಳ ನಡುವೆ ಮಾತ್ರವಲ್ಲದೆ ವಾಕ್ಯಗಳ ನಡುವೆಯೂ ಸಹಜವಾಗಿ ಸಾಗುತ್ತದೆ, ಏಕೆಂದರೆ ಕನ್ನಡದ ಕ್ರಿಯಾಪದ ಪುರುಷವನ್ನು ತನ್ನೊಳಗೇ ಹೊತ್ತಿರುತ್ತದೆ. ‘ಅವನು ಬಾಗಿಲ ಬಳಿ ನಿಂತ. ಒಳಗೆ ಹೋಗಲೇ, ಹಿಂದಿರುಗಲೇ?’ ಎಂದು ಬರೆದರೆ ‘ನಾನು’ ಎಂಬ ಪದವೇ ಬಾರದೆ, ಉದ್ಧರಣ ಚಿಹ್ನೆಯೂ ಇಲ್ಲದೆ, ಎರಡನೆಯ ವಾಕ್ಯದ ಹೊತ್ತಿಗೆ ಓದುಗ ಪಾತ್ರದ ಒಳಗಿರುತ್ತಾನೆ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಸಾಧ್ಯತೆಯನ್ನು ಅರ್ಥಪೂರ್ಣವಾಗಿ ದುಡಿಸಿಕೊಂಡ ಕೃತಿ. ಅಗ್ರಹಾರದಲ್ಲಿ ನಾರಣಪ್ಪನ ಶವ ಸಂಸ್ಕಾರವಿಲ್ಲದೆ ಬಿದ್ದಿರುವ ಭಾಗವೆಲ್ಲ ಮುಖ್ಯವಾಗಿ ಪ್ರಥಮ ಪುರುಷದಲ್ಲಿದೆ. ಅಲ್ಲಿ ಪ್ರಾಣೇಶಾಚಾರ್ಯರು ಎಲ್ಲರೂ ತೀರ್ಪಿಗಾಗಿ ಎದುರು ನೋಡುವ ವಿದ್ವಾಂಸರು. ನಾರಣಪ್ಪನ ಜೊತೆಗಾತಿ ಚಂದ್ರಿಯ ಸಂಗದ ಬಳಿಕ ಆ ಸ್ಥಾನ ಒಳಗೊಳಗೇ ಕುಸಿದು, ಊರು ಬಿಟ್ಟು ನಡೆಯತೊಡಗಿದಾಗ, ಅವರ ಚಿಂತನೆ ಪದೇ ಪದೇ ‘ನಾನು’ ಆಗಿ ಹೊರಹೊಮ್ಮುತ್ತದೆ. ಈ ‘ನಾನು’ ಆತ್ಮವಿಶ್ವಾಸದ್ದಲ್ಲ. ಆಚಾರ್ಯನೆಂಬ ಪದವಿ ಕಳಚಿದ ಮೇಲೆ ಉಳಿದವನು ಯಾರೆಂದು ಹುಡುಕುವ ದನಿ ಅದು. ದಾರಿಯಲ್ಲಿ ಜೊತೆಯಾದ ಪುಟ್ಟನಿಂದ ಅವರು ತಮ್ಮ ಗುರುತನ್ನು ಮರೆಸುತ್ತಾರೆ, ಮೇಳಿಗೆಯ ಜಾತ್ರೆಯಲ್ಲಿ ಯಾರಾದರೂ ಗುರುತಿಸಿಯಾರೆಂದು ಅಂಜುತ್ತಾರೆ. ಲೋಕ ಕೂಗುವ ಹೆಸರಿಗೂ ಒಳಗಿನ ‘ನಾನು’ವಿಗೂ ಹೊಂದಿಕೆ ತಪ್ಪಿದ ಮನುಷ್ಯನ ಕಥೆಗೆ ಎರಡೂ ಪುರುಷಗಳು ಅನಿವಾರ್ಯವಾಗಿದ್ದವು, ಇಡೀ ಕೃತಿಯನ್ನು ‘ನಾನು’ ಎಂದೇ ಬರೆದಿದ್ದರೆ ಅಗ್ರಹಾರದ ಸಮೂಹಚಿತ್ರ ದುರ್ಬಲವಾಗುತ್ತಿತ್ತು, ‘ಅವರು’ ಎಂದೇ ಬರೆದಿದ್ದರೆ ಈ ಬಿರುಕು ಬರಿಯ ವಿವರಣೆಯಾಗುತ್ತಿತ್ತು.

ಬೆರಕೆ ಸೋಲುವುದು ಅದು ಬರಹಗಾರನ ಅನುಕೂಲಕ್ಕಷ್ಟೇ ಬಂದಾಗ. ‘ನಾನು’ ಎನ್ನುವ ಪಾತ್ರಕ್ಕೆ ತಿಳಿಯಲಾಗದ ಒಂದು ಘಟನೆಯನ್ನು ತುರುಕಲು ಒಂದೇ ಒಂದು ಅಧ್ಯಾಯದಲ್ಲಿ ಪ್ರಥಮ ಪುರುಷವನ್ನು ಕರೆತಂದು ಮತ್ತೆ ಕೈಬಿಟ್ಟರೆ, ಓದುಗನಿಗೆ ಕಾಣುವುದು ಕಥೆಯಲ್ಲ, ಕಥೆಗಾರನ ಅಡಚಣೆ. ಇದಕ್ಕೆ ತೀರ ಬೇರೆಯಾದ, ಹೆಚ್ಚು ಪ್ರಾಮಾಣಿಕವಾದ ದಾರಿಯೊಂದು ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಕಾದಂಬರಿಯಲ್ಲಿದೆ. ಅಲ್ಲಿ ತೀರಿಕೊಂಡ ಯಶವಂತರಾಯರು ತಮ್ಮ ದಿನಚರಿಯಲ್ಲಿ ‘ನಾನು’ ಆಗಿ ಮಾತನಾಡುತ್ತಾರೆ. ಅವರ ಬದುಕನ್ನು ಅರಸಿ ಹೊರಟ ನಿರೂಪಕನಿಗೂ ಅವರನ್ನು ಬಲ್ಲ ಜನರಿಗೂ ಅದೇ ವ್ಯಕ್ತಿ ‘ಅವರು’. ದಿನಚರಿ ಕೈಯಲ್ಲಿದ್ದರೂ ನಿರೂಪಕ ಊರೂರು ತಿರುಗಿ ವಿಚಾರಿಸಬೇಕಾಗುತ್ತದೆ, ಮತ್ತು ಹಾಗೆ ಕೇಳಿಬಂದ ಮಾತುಗಳನ್ನು ತೂಗಿ ನೋಡಲು ಮತ್ತೆ ಆ ದಿನಚರಿಗೇ ಮರಳಬೇಕಾಗುತ್ತದೆ.