ಹುಟ್ಟುವಾಗಿನ ತೂಕ, ನಲವತ್ತೈದರ ಹೃದಯ

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ತಪ್ಪದೆ ಬರೆದಿಟ್ಟರು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ದಾಖಲೆ ಹಿಡಿದು ಅದೇ ಕೂಸುಗಳನ್ನು ಹುಡುಕಿಕೊಂಡು ಹೊರಟರು. ಸಿಕ್ಕವರಲ್ಲಿ 517 ಮಂದಿಯ ಹೃದಯ ಪರೀಕ್ಷೆಯ ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಅದು ಶೇ. 3 ಮಾತ್ರ. ತಾಯಿಯ ತೂಕವೂ ಕಡಿಮೆಯಿದ್ದ ಕಡೆ ಅಪಾಯ ಇನ್ನೂ ಹೆಚ್ಚಿತ್ತು. ನಲವತ್ತೈದು ದಾಟಿದವರಲ್ಲಿ ಈ ಅಂತರ ಎದ್ದು ಕಾಣುತ್ತಿತ್ತು.

ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳಲ್ಲಿ ಈ ವರ್ಷ ಹುಟ್ಟುವ ಕೂಸಿಗೆ ನಲವತ್ತೈದು ತುಂಬುವುದು 2070ರ ಆಸುಪಾಸಿನಲ್ಲಿ. ಆಗ ಅದರ ಹೃದಯ ಹೇಗಿರಬೇಕೆಂಬುದರ ಒಂದು ಪಾಲು ಇಂದೇ, ತಾಯಿಯ ಹೊಟ್ಟೆಯಲ್ಲೇ ತೀರ್ಮಾನವಾಗುತ್ತಿದೆ. ಆ ತಾಯಿ ಹೇಗೆ ಬದುಕುತ್ತಿದ್ದಾಳೆ ಎಂಬುದನ್ನು ನಾವು ಸರಿಯಾಗಿ ಬರೆದಿಡುತ್ತಿಲ್ಲ. ನನ್ನ ಆತಂಕವೆಲ್ಲ ಅದೇ.

ಈ ಸೀಮೆಯ ಬಡಗಣ ಊರಾದ ಅನಂತಪುರದ ಕಡೆ ಮಳೆ ನಂಬಿದ ಒಣ ಹೊಲ. ತೆಂಕಕ್ಕೆ ಇಳಿದರೆ ಕೃಷ್ಣೆಯ ದಂಡೆ, ಕಣ್ಣಳತೆ ಮೀರಿ ಕಬ್ಬು, ಉಗಾರದಂಥ ಹಳೆಯ ಸಕ್ಕರೆ ಕಾರ್ಖಾನೆಗಳು. ಪಡುವಣಕ್ಕೆ ನಿಪ್ಪಾಣಿ: ತಂಬಾಕು, ಬೀಡಿ. ಮೂರೂ ಕಡೆ ಗರ್ಭಿಣಿಯ ದಿನಚರಿ ಬೇರೆ ಬೇರೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ ಹೆಂಡತಿಯನ್ನು ಒಂದೇ ಜೋಡಿಯಾಗಿ ಎಣಿಸಿ ಮುಕಾದಮ, ಅಂದರೆ ಕೂಲಿಗಾರರ ಗುತ್ತಿಗೆದಾರ, ಮುಂಗಡ ಕೊಡುತ್ತಾನೆ. ಹೆಂಡತಿ ಕೂತರೆ ಮುಂಗಡ ತೀರುವುದಿಲ್ಲ, ಹಾಗಾಗಿ ತಿಂಗಳು ತುಂಬುತ್ತ ಬಂದರೂ ಅವಳು ಹೊರೆ ಹೊರುತ್ತಾಳೆ. ಹೀಗೆ ದುಡಿಯುವ ಹೆಂಗಸರ ಮೈಗೆ ಏನಾಗುತ್ತದೆ ಎಂಬುದಕ್ಕೆ ಗಡಿಯಾಚೆಯ ಲೆಕ್ಕವೊಂದಿದೆ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ್ ಜಿಲ್ಲೆಯ 82,309 ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿತು. 13,861 ಮಂದಿಯ ಗರ್ಭಕೋಶ ತೆಗೆಸಲಾಗಿತ್ತು. ನಿಪ್ಪಾಣಿಯ ಬೀಡಿ ಮನೆಗಳಲ್ಲಿ ಹೊರೆಯಿಲ್ಲ, ಆದರೆ ಕೂಸು ಮಲಗುವ ಕೋಣೆಯಲ್ಲೇ ತಂಬಾಕಿನ ಧೂಳಿದೆ.

ಇದೆಲ್ಲ ಅಂಕಿಅಂಶದಲ್ಲಿ ಎಲ್ಲಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಕರ್ನಾಟಕದಲ್ಲಿ ನಡೆದದ್ದು 2019ರಲ್ಲಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ರಕ್ತಹೀನ ಮಕ್ಕಳ ಪ್ರಮಾಣ ಹಿಂದಿನ ಸುತ್ತಿನ ಶೇ. 61ರಿಂದ ಶೇ. 65ರ ಮೇಲಕ್ಕೆ ಏರಿತ್ತು. ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಹೆಂಗಸರಲ್ಲಿ ಐವರಿಗೊಬ್ಬಳ ಮದುವೆ ಹದಿನೆಂಟಕ್ಕೆ ಮೊದಲೇ ಆಗಿತ್ತು. ಭಯ ಹುಟ್ಟಿಸಲು ಇಷ್ಟು ಸಾಕು, ಯೋಜನೆ ಮಾಡಲು ಸಾಲದು. ಒಂದು ಜಿಲ್ಲೆಗೆ ಈ ಸಮೀಕ್ಷೆ ಮುಟ್ಟುವುದು ಸುಮಾರು 900 ಮನೆ. 2011ರಲ್ಲೇ 47 ಲಕ್ಷ ದಾಟಿದ್ದ ಬೆಳಗಾವಿ ಜಿಲ್ಲೆಗೆ ಹೀಗೆ ಸಿಗುವುದು ಒಂದು ಸರಾಸರಿ. ಖಾನಾಪುರದ ಕಾಡು, ಅನಂತಪುರದ ಎರೆ, ನಿಪ್ಪಾಣಿಯ ಬೀಡಿ ಕೋಣೆ ಎಲ್ಲವೂ ಅದರಲ್ಲಿ ಕರಗಿಹೋಗುತ್ತವೆ. ಸುಗ್ಗಿಗೆ ಗುಡಿಸಲು ಹಾಕಿ ಸುಗ್ಗಿ ಮುಗಿದೊಡನೆ ಹೋಗುವ ಕುಟುಂಬ ಈ ಲೆಕ್ಕಕ್ಕೆ ಸಿಗುವುದೇ ಕಷ್ಟ.

ಅಂಗನವಾಡಿಯ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ತೂಕ ಇರುತ್ತದೆ. ಅದರ ತಾಯಿ ಎಂಟನೆಯ ತಿಂಗಳಲ್ಲಿ ಏನು ಹೊರುತ್ತಿದ್ದಳು, ಎಷ್ಟು ತಿಂಗಳು ಊರು ಬಿಟ್ಟಿದ್ದಳು ಎಂಬುದು ಇರುವುದಿಲ್ಲ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆ ಗರ್ಭಿಣಿಗೆ ಮಧ್ಯಾಹ್ನದ ಬಿಸಿಯೂಟ ಕೊಡುತ್ತದೆ, ಆದರೆ ಅಂಗನವಾಡಿಗೆ ಬಂದು ಉಂಡರೆ. ಆ ಹೊತ್ತಿಗೆ ಕಬ್ಬಿನ ಗದ್ದೆಯಲ್ಲಿರುವವಳು ಯೋಜನೆಯ ಕಣ್ಣಿಗೆ 'ಗೈರುಹಾಜರಿ'.

ಬಡತನ ಕಳೆದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಮೈಸೂರಿನ ದಾಖಲೆಗಳೇ ಇನ್ನೊಂದು ಎಚ್ಚರಿಕೆ ಕೊಡುತ್ತವೆ. ಮಧುಮೇಹ ಅಲ್ಲಿ ಹೆಚ್ಚು ಕಂಡದ್ದು ಸಣಕಲು ಕೂಸುಗಳಲ್ಲಿ ಅಲ್ಲ. ಕುಳ್ಳಗೆ, ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ದೆಹಲಿಯಲ್ಲಿ 1,492 ಮಂದಿಯನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಮತ್ತೊಂದು ಹಾದಿ ತೋರಿಸಿತು: ಎಳವೆಯಲ್ಲಿ ತೆಳ್ಳಗಿದ್ದು ಆಮೇಲೆ ಬೇಗ ಮೈ ತುಂಬಿಕೊಂಡವರಲ್ಲಿ ಮೂವತ್ತರ ಹೊತ್ತಿಗೇ ಸಕ್ಕರೆಯ ಏರುಪೇರು. ಒಣ ಹೊಲಕ್ಕೆ ನೀರು ಬಂದು, ಕಬ್ಬಿನ ದುಡ್ಡು ಬಂದು, ಒಂದೇ ತಲೆಮಾರಿನಲ್ಲಿ ಊಟ ಬದಲಾಗುವ ನಾಡು ಇದು. ಹಸಿದ ಹೊಟ್ಟೆಯ ರೋಗ, ತುಂಬಿದ ಹೊಟ್ಟೆಯ ರೋಗ ಎರಡೂ ಒಂದೇ ಮನೆಗೆ ಬರುವ ಸ್ಥಿತಿ ಇಲ್ಲಿದೆ.

ಬೆಳಗಾವಿಗೆ ಸಂಶೋಧನೆ ಹೊಸದೇನೂ ಅಲ್ಲ. ಬಾಣಂತಿಯ ರಕ್ತಸ್ರಾವಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುವ ಪ್ರಯೋಗವನ್ನು ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಈ ಜಿಲ್ಲೆಯ ಹಳ್ಳಿಗಳಲ್ಲೇ ನಡೆಸಿದರು. ಹಳ್ಳಿಯ ದಾದಿಯರೇ ಹೆರಿಗೆ ಮಾಡಿಸಿದ 1,620 ತಾಯಂದಿರಲ್ಲಿ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಫಲಿತಾಂಶ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೂ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅದೇ ಕಾಲೇಜಿನವರು ಜಿಲ್ಲೆಯ ಆಯ್ದ ಹಳ್ಳಿಗಳ ಗರ್ಭಿಣಿಯರ ನೋಂದಣಿಯನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಸುತ್ತಿದ್ದಾರೆ. ಆದರೆ ಆ ನೋಂದಣಿ ತಾಯಿ ಮಗುವನ್ನು ನೋಡುವುದು ಹೆರಿಗೆಯಾದ 42ನೆಯ ದಿನದವರೆಗೆ. ಹೆರಿಗೆಯ ಸಾವು ತಡೆಯಲು ಅಷ್ಟು ಸಾಕಿತ್ತು. ಈಗ ಬರುತ್ತಿರುವ ಹಾನಿ ಶುರುವಾಗುವುದೇ ಅದರ ಆಚೆ.

ಈ ಐದು ತಾಲ್ಲೂಕುಗಳಲ್ಲಿ ಕೆಲವು ಸಾವಿರ ಕೂಸುಗಳನ್ನಾದರೂ ಶಾಲೆ ಮುಗಿಸುವ ತನಕ ಹಿಂಬಾಲಿಸಬೇಕು. ತೂಕದ ಜೊತೆಗೆ ತಾಯಿಯ ಎತ್ತರ, ಮದುವೆಯ ವಯಸ್ಸು, ಅವಳ ಕೆಲಸ, ಮನೆಯ ಸಾಲ, ಕುಡಿಯುವ ನೀರು ಬರೆಯಬೇಕು. ಕುಟುಂಬ ಸಾಂಗಲಿಗೋ ಕೊಲ್ಹಾಪುರಕ್ಕೋ ಹೋದರೆ ತಾಯಿ ಕಾರ್ಡಿನ ಮಾಹಿತಿಯೂ ಗಡಿ ದಾಟಬೇಕು. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಕಾಯಬೇಕಿಲ್ಲದ ಕೆಲಸವೂ ಒಂದಿದೆ: ಕಾರ್ಖಾನೆಯ ಗಾಣ ಶುರುವಾಗುವ ವಾರವೇ ಆಶಾ ಕಾರ್ಯಕರ್ತೆಯರು ಗ್ಯಾಂಗುಗಳ ಗುಡಿಸಲಿಗೆ ಹೋಗಿ ಗರ್ಭಿಣಿಯರ ಹೆಸರು ಬರೆದುಕೊಂಡರೆ, ಮಾತೃಪೂರ್ಣದ ಊಟವನ್ನು ಅಲ್ಲಿಗೇ ಕಳಿಸಬಹುದು.