ಚೀಲದೊಳಗೆ ತೊಂಬತ್ತು ಮಾತು

ಇಟಲಿಯ ಜೂಜಿನಿಂದ ನಮ್ಮ ನಡುಮನೆಯವರೆಗೆ ಹೌಸಿ ನಡೆದು ಬಂದ ದಾರಿ

ಹದಿನೈದಿಪ್ಪತ್ತು ಮಂದಿಯನ್ನು ಮನೆಗೆ ಕರೆದವರಿಗೆ ಅಡುಗೆಗಿಂತ ದೊಡ್ಡ ಚಿಂತೆ ಒಂದಿರುತ್ತದೆ. ಊಟಕ್ಕೆ ಮೊದಲಿನ ಆ ಒಂದೂವರೆ ಗಂಟೆ ಕಳೆಯುವುದು ಹೇಗೆ? ಅಜ್ಜಿಗೆ ಮೊಬೈಲ್ ಆಟ ಬೇಡ, ಮೊಮ್ಮಗನಿಗೆ ಹಳೆಯ ಹಾಡು ಗೊತ್ತಿಲ್ಲ, ಭಾವನ ಗೆಳೆಯರಿಗೆ ನಮ್ಮವರ ಹೆಸರೇ ತಿಳಿಯದು. ಅಂತ್ಯಾಕ್ಷರಿ ಎಂದರೆ ಹಾಡು ಬಲ್ಲ ಮೂವರದೇ ದರ್ಬಾರು. ಇಸ್ಪೀಟಿಗೆ ಆಟ ಬಲ್ಲವರು ಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೋ ಹಲಗೆಯಾಟ, ಎಲೆಯಾಟಗಳನ್ನು ತಾವೇ ರೂಪಿಸಿದ ರಸಿಕರು. ಆದರೂ ಪಗಡೆ, ಚೌಕಾಬಾರಗಳ ಪರಂಪರೆಯೆಲ್ಲ ಇಬ್ಬರಿಗೋ ನಾಲ್ವರಿಗೋ ಹೊಂದುವಂಥದ್ದು. ಉಳಿದವರು ಸುತ್ತ ನಿಂತು ಸಲಹೆ ಕೊಡಬೇಕಷ್ಟೆ.

ಆಗ ಯಾರೋ ಒಬ್ಬರು ‘ಹೌಸಿ ಆಡೋಣ್ವಾ?’ ಎನ್ನುತ್ತಾರೆ. ಕೆಲವರ ಬಾಯಲ್ಲಿ ಇದೇ ತಂಬೋಲ. ಟಿಕೆಟ್ ಹರಿದು ಹಂಚಿ, ಪೆನ್ನು ಹುಡುಕಿ ಕೊಟ್ಟರೆ ಮುಗಿಯಿತು, ಅಷ್ಟೂ ಜನ ಒಂದೇ ಆಟದೊಳಗೆ.

ಸ್ವಲ್ಪ ಯೋಚಿಸಿದರೆ ಇದು ಆಟವೇ ಅಲ್ಲ ಅನ್ನಿಸಬಹುದು. ನಡೆ ಇಲ್ಲ, ತಂತ್ರ ಇಲ್ಲ, ಎದುರಾಳಿಯ ಕಾಯಿ ಕಡಿಯುವ ಸಂಭ್ರಮ ಇಲ್ಲ. ಕೂಗಿದ ಸಂಖ್ಯೆ ನಮ್ಮಲ್ಲಿದ್ದರೆ ಗೀಟು ಹೊಡೆಯುವುದು, ಇಲ್ಲದಿದ್ದರೆ ಮುಂದಿನದಕ್ಕೆ ಕಿವಿಗೊಡುವುದು. ಆಡುವವರಿಗೆ ಮಾಡಲು ಏನೂ ಇಲ್ಲದ ಈ ಆಟ ಇಷ್ಟು ದೇಶ, ಇಷ್ಟು ಕಾಲ ದಾಟಿ ಬಂದದ್ದಾದರೂ ಹೇಗೆ? ಅದರ ಚರಿತ್ರೆಯನ್ನು ಹಿಂಬಾಲಿಸಿದರೆ ಪ್ರತಿ ನಿಲ್ದಾಣದಲ್ಲೂ ಒಬ್ಬರೇ ಕಣ್ಣಿಗೆ ಬೀಳುತ್ತಾರೆ: ಚೀಲಕ್ಕೆ ಕೈ ಹಾಕಿ ನಂಬರ್ ಕೂಗುವವರು.

ಜಿನೋವಾದ ಐದು ಹೆಸರು

ಕಥೆ ಶುರುವಾಗುವುದು ಚುನಾವಣೆಯ ಬೆಟ್ಟಿಂಗ್‌ನಿಂದ. ಹದಿನಾರನೆಯ ಶತಮಾನದಲ್ಲಿ ಜಿನೋವಾ ಒಂದು ಗಣರಾಜ್ಯ. ಅಲ್ಲಿ ವರ್ಷಕ್ಕೆರಡು ಸಲ ಗಣ್ಯರ ಪಟ್ಟಿಯಿಂದ ಐದು ಹೆಸರುಗಳನ್ನು ಚೀಟಿ ಎತ್ತಿ ಆಡಳಿತಕ್ಕೆ ಆರಿಸುತ್ತಿದ್ದರು. ಬಂದರು ಪಟ್ಟಣದ ವ್ಯಾಪಾರಿ ಜನ ಸುಮ್ಮನಿದ್ದಾರೆಯೇ? ಯಾವ ಐವರ ಹೆಸರು ಬರುತ್ತದೆ ಎಂದು ಹಣ ಕಟ್ಟತೊಡಗಿದರು. ಬರಬರುತ್ತಾ ಹೆಸರು ಹೋಗಿ ಸಂಖ್ಯೆ ಉಳಿಯಿತು. ತೊಂಬತ್ತರಲ್ಲಿ ಐದು ಎಂಬ ಲೆಕ್ಕವೂ ಗಟ್ಟಿಯಾಯಿತು. ಇಂದಿಗೂ ನಮ್ಮ ಚೀಲದಲ್ಲಿ ನೂರಲ್ಲ, ಐವತ್ತಲ್ಲ, ತೊಂಬತ್ತೇ ಸಂಖ್ಯೆಗಳಿರುವುದಕ್ಕೆ ಬೇರು ಅಲ್ಲಿದೆ.

ಈ ‘ಲೊಟ್ಟೊ’ ಇಟಲಿಯ ರಾಜ್ಯಗಳಿಗೆಲ್ಲ ಹರಡಿತು. ಖಜಾನೆಗೆ ಸಲೀಸಾಗಿ ಹಣ ಬರುವ ದಾರಿಯನ್ನು ಯಾವ ದೊರೆ ಬಿಟ್ಟಾನು? 1758ರಲ್ಲಿ ಪ್ಯಾರಿಸ್‌ನ ಸೈನಿಕ ಶಾಲೆಗೆ ಹಣ ಕೂಡಿಸಲು ಇದೇ ಮಾದರಿಯ ಲಾಟರಿ ನಡೆಯಿತು. ಅದನ್ನು ಫ್ರಾನ್ಸ್ ದೊರೆಯ ಆಸ್ಥಾನಕ್ಕೆ ಒಪ್ಪಿಸಿದವರಲ್ಲಿ ಪ್ರಣಯಪ್ರಸಂಗಗಳಿಗೆ ಹೆಸರಾದ ವೆನಿಸ್‌ನ ಕಾಸನೋವಾ ಕೂಡ ಒಬ್ಬ.

ಆದರೆ ಇದು ಇನ್ನೂ ಬೀದಿಯ ಜೂಜು, ಸರ್ಕಾರದ ಆದಾಯ. ಅದು ಮನೆಯೊಳಗೆ ಕಾಲಿಟ್ಟದ್ದು ನೇಪಲ್ಸ್‌ನಲ್ಲಿ.

ಪಾದ್ರಿ ತಡೆದರು, ಜನ ಮನೆಗೆ ಒಯ್ದರು

ನೇಪಲ್ಸ್‌ನಲ್ಲಿ ಇಂದಿಗೂ ಹೇಳುವ ಕಥೆ ಹೀಗಿದೆ. 1734ರಲ್ಲಿ ಬೋರ್ಬನ್ ವಂಶದ ಚಾರ್ಲ್ಸ್ ಅಲ್ಲಿನ ದೊರೆಯಾದ. ಲೊಟ್ಟೊ ಗುಟ್ಟಾಗಿ ನಡೆದು ಹಣ ಕಳ್ಳರ ಪಾಲಾಗುವುದಕ್ಕಿಂತ ಸರ್ಕಾರವೇ ಬಹಿರಂಗವಾಗಿ ನಡೆಸಲಿ ಎಂಬುದು ಅವನ ವಾದ. ಡೊಮಿನಿಕನ್ ಪಂಥದ ಪಾದ್ರಿ ಗ್ರೆಗೋರಿಯೊ ಮಾರಿಯಾ ರೊಕ್ಕೊ ಇದಕ್ಕೆ ಸುತರಾಂ ಒಪ್ಪಲಿಲ್ಲ. ರೊಕ್ಕೊ ಸಾಮಾನ್ಯ ಆಸಾಮಿಯಲ್ಲ. ಬಡವರ ಕೇರಿಗಳಲ್ಲೇ ತಿರುಗಾಡುತ್ತಿದ್ದವರು. ಕತ್ತಲ ಗಲ್ಲಿಗಳಲ್ಲಿ ದೇವರ ಗೂಡುಗಳನ್ನಿಟ್ಟು ಅದರ ಮುಂದೆ ಭಕ್ತರೇ ದೀಪ ಹಚ್ಚುವಂತೆ ಮಾಡಿ, ಊರಿಗೆ ಬೀದಿದೀಪ ತಂದ ಜಾಣ. ಕೊನೆಗೆ ರಾಜಿಯಾಯಿತು. ಲೊಟ್ಟೊ ನಡೆಯಲಿ, ಆದರೆ ಕ್ರಿಸ್‌ಮಸ್ ವಾರದಲ್ಲಿ ಮಾತ್ರ ಬೇಡ.

ಜನ ಆ ವಾರವೂ ಬಿಡಲಿಲ್ಲ. ಹೊರಗೆ ತಡೆಯಾದರೆ ಒಳಗೆ ಆಡಿದರಾಯಿತು! ಬುಟ್ಟಿಯೊಂದಕ್ಕೆ ತೊಂಬತ್ತು ಸಂಖ್ಯೆ ತುಂಬಿ, ಮನೆಮಂದಿಗೆಲ್ಲ ಚೀಟಿ ಹಂಚಿ, ಅವರೆಕಾಳು, ಕಿತ್ತಳೆ ಸಿಪ್ಪೆಯ ಚೂರುಗಳನ್ನು ಸಂಖ್ಯೆಗಳ ಮೇಲಿಟ್ಟು ಆಡತೊಡಗಿದರು. ಅದೇ ‘ತೊಂಬೊಲಾ’. ರಾಜ ಮತ್ತು ಪಾದ್ರಿಯ ಜಗಳದ ಭಾಗ ಎಷ್ಟು ನಿಜವೋ, ಎಷ್ಟು ಉಪ್ಪುಖಾರವೋ. ಇಟಲಿಯ ಮನೆಗಳಲ್ಲಿ ಇಂದಿಗೂ ಇದು ಕ್ರಿಸ್‌ಮಸ್ ಹಬ್ಬದ ಆಟ ಎಂಬುದಂತೂ ನಿಜ.

ತೊಂಬೊಲಾ ಚೀಟಿಯ ಒಂದೇ ಸಾಲಿನಲ್ಲಿ ಎರಡು ಸಂಖ್ಯೆ ಬಂದರೆ ಒಂದು ಬಹುಮಾನ, ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ ಒಂದೊಂದು, ಹದಿನೈದೂ ತುಂಬಿದರೆ ದೊಡ್ಡದು. ನಮ್ಮ ಟಾಪ್ ಲೈನ್, ಮಿಡಲ್ ಲೈನ್, ಫುಲ್ ಹೌಸ್‌ಗಳ ಹಿರಿಯರು ಇವರೇ.

ನೇಪಲ್ಸ್ ಆಟಕ್ಕೆ ಕೊಟ್ಟ ಇನ್ನೊಂದು ಕಾಣಿಕೆಯೇ ದೊಡ್ಡದು. ಅಲ್ಲಿ ‘ಸ್ಮೋರ್ಫಿಯಾ’ ಎಂಬ ಕನಸಿನ ಶಕುನದ ಪುಸ್ತಕವಿದೆ. ಕನಸಿನಲ್ಲಿ ಕಂಡದ್ದಕ್ಕೆಲ್ಲ ಒಂದೊಂದು ಸಂಖ್ಯೆ, ಆ ಸಂಖ್ಯೆಗೆ ಲೊಟ್ಟೊದಲ್ಲಿ ಹಣ ಕಟ್ಟುವುದು ರೂಢಿ. 22 ಹುಚ್ಚ, 33 ಕ್ರಿಸ್ತನ ವಯಸ್ಸು, 47 ಸತ್ತವನು, 48 ಮಾತಾಡುವ ಸತ್ತವನು, 50 ರೊಟ್ಟಿ, 90 ಭಯ. ತೊಂಬೊಲಾ ಕೂಗುವವರು ಈ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡರು. ‘ನಲವತ್ತೆಂಟು’ ಎನ್ನುವ ಬದಲು ‘ಸತ್ತವನು ಎದ್ದು ಮಾತಾಡಿದ!’ ಎಂದರೆ ಸಾಕು, ಸಂಖ್ಯೆ ಯಾವುದೆಂದು ಮನೆಯ ಮಕ್ಕಳಿಗೂ ಗೊತ್ತು. ಗಂಡಾಗಿ ಹುಟ್ಟಿ ಹೆಣ್ಣಿನಂತೆ ಬಾಳುವ, ‘ಫೆಮ್ಮಿನಿಯೆಲ್ಲಿ’ ಎಂಬ ಅಲ್ಲಿನ ಸಮುದಾಯದವರು ಇದನ್ನೊಂದು ರಂಗಕಲೆಯನ್ನಾಗಿಯೇ ಬೆಳೆಸಿದರು. ಬುಟ್ಟಿಯಿಂದ ಬಂದ ಸಂಖ್ಯೆಗಳನ್ನು ಒಂದಕ್ಕೊಂದು ಪೋಣಿಸಿ, ಅಲ್ಲೇ ಕೂತಲ್ಲೇ ಪೋಲಿ ಕಥೆಯೊಂದನ್ನು ಕಟ್ಟುತ್ತಾ ಹೋಗುವ ಕಲೆ ಅದು. ಗೆಲ್ಲುವವರು ಯಾರಾದರೇನು, ಜನ ಸೇರುವುದು ಆ ಮಾತಿಗೆ.

ಸಿಪಾಯಿಗಳ ‘ಹೌಸ್’

ಇಟಲಿಯ ಆಚೆ ಆಟ ಬೇರೆ ಬೇರೆ ವೇಷ ತೊಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಮೇಷ್ಟ್ರುಗಳು ಮಗ್ಗಿ, ಅಕ್ಷರ ಕಲಿಸಲು ಲೊಟ್ಟೊ ಬಳಸಿದರು. ಅಮೆರಿಕದಲ್ಲಿ 1929ರ ಕೊನೆಗೆ ಎಡ್ವಿನ್ ಲೋ ಎಂಬ ಆಟಿಕೆ ವ್ಯಾಪಾರಿ ಜಾರ್ಜಿಯಾದ ಜಾತ್ರೆಯೊಂದರಲ್ಲಿ ಜನ ಕಾಳು ಇಟ್ಟು ‘ಬೀನೊ’ ಆಡುವುದನ್ನು ಕಂಡು, ಅದನ್ನೇ ‘ಬಿಂಗೊ’ ಮಾಡಿ ಮಾರಿದ. ಅದರಲ್ಲಿ 75 ಸಂಖ್ಯೆ, ಐದೈದು ಮನೆಗಳ ಚೌಕ. ಭಾರತಕ್ಕೆ ಬಂದ ಆಟ ಆ ದಾರಿಯದಲ್ಲ. ನಮಗೆ ಅದನ್ನು ತಂದುಕೊಟ್ಟದ್ದು ಬ್ರಿಟಿಷ್ ಸೈನ್ಯ.

ಸೈನ್ಯದಲ್ಲಿ ಜೂಜಿಗೆ ನಿಷೇಧವಿತ್ತು. ದಾಳದ ‘ಕ್ರೌನ್ ಅಂಡ್ ಆ್ಯಂಕರ್’ ಆಡಿ ಸಿಕ್ಕಿಬಿದ್ದರೆ ಶಿಕ್ಷೆ. ‘ಹೌಸ್’ ಅಥವಾ ‘ಹೌಸಿ-ಹೌಸಿ’ಗೆ ಮಾತ್ರ ವಿನಾಯಿತಿ. ನೌಕಾಪಡೆಯವರು ಅದನ್ನೇ ತೊಂಬೊಲಾ ಎನ್ನುತ್ತಿದ್ದರು. ನಮ್ಮಲ್ಲಿ ಒಂದೇ ಆಟಕ್ಕೆ ಎರಡು ಹೆಸರು ಉಳಿದಿರುವ ಹಿನ್ನೆಲೆ ಇದೇ. ಕೌಶಲವಿಲ್ಲದ ಆಟದಲ್ಲಿ ಮೋಸಕ್ಕೂ ಎಡೆ ಕಡಿಮೆ. ಹೊಸ ಹುಡುಗನನ್ನು ಹಳೇ ಹುಲಿಗಳು ಬೋಳಿಸುವಂತಿಲ್ಲ.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೂಗಿಗೆ ಹೊಸ ಬಣ್ಣ ಬಂತು. 9 ಎಂದರೆ ‘ಡಾಕ್ಟರ ಅಪ್ಪಣೆ’. ಯಾವ ಕಾಯಿಲೆ ಹೇಳಿಕೊಂಡು ಹೋದರೂ ಸೈನ್ಯದ ವೈದ್ಯರು ಕೊಡುತ್ತಿದ್ದ ಭೇದಿಮಾತ್ರೆಯ ಸಂಖ್ಯೆ ಒಂಬತ್ತು! 11 ಎಂದರೆ ಎರಡು ಕಾಲು, ಸಿಪಾಯಿಗಳಿಂದ ಸಿಳ್ಳೆ. 22 ಎಂದರೆ ಜೋಡಿ ಬಾತುಕೋಳಿ, ಕೇಳಿದವರೆಲ್ಲ ‘ಕ್ವಾಕ್ ಕ್ವಾಕ್’ ಅನ್ನಬೇಕು. 88 ಎಂದರೆ ಇಬ್ಬರು ದಪ್ಪ ಹೆಂಗಸರು. 10 ಬಂದಾಗ ಬ್ರಿಟನ್ ಪ್ರಧಾನಿಯ ಮನೆಯ ನಂಬರು ನೆನಪಾಗಿ, ಸದ್ಯ ಅಲ್ಲಿರುವವರ ಹೆಸರು ಹಿಡಿದು ಕೂಗುತ್ತಾರೆ. ಸರ್ಕಾರ ಬದಲಾದರೆ ಕೂಗೂ ಬದಲು. 1960ರ ಕಾಯ್ದೆ ಬ್ರಿಟನ್ನಿನಲ್ಲಿ ಹಣ ಕಟ್ಟಿ ಬಿಂಗೊ ಎಂಬ ಹೆಸರಲ್ಲಿ ಈ ಆಟ ಆಡುವುದಕ್ಕೆ ದಾರಿ ತೆರೆದಾಗ, ಟಿ.ವಿ. ಬಂದು ಖಾಲಿ ಹೊಡೆಯುತ್ತಿದ್ದ ಚಿತ್ರಮಂದಿರಗಳು ಸಾಲುಸಾಲಾಗಿ ಬಿಂಗೊ ಮಂದಿರಗಳಾದವು.

ದಂಡಿನಿಂದ ನಡುಮನೆಗೆ

ಭಾರತದಲ್ಲಿ ಹೌಸಿ ನೆಲೆಸಿದ್ದು ದಂಡು ಪ್ರದೇಶಗಳಲ್ಲಿ, ಅಧಿಕಾರಿಗಳ ಮೆಸ್ಸುಗಳಲ್ಲಿ, ಕ್ಲಬ್ಬುಗಳಲ್ಲಿ. ಆಂಗ್ಲೋ-ಇಂಡಿಯನ್ ಕುಟುಂಬಗಳು ಸೇರುತ್ತಿದ್ದ ರೈಲ್ವೆ ಇನ್‌ಸ್ಟಿಟ್ಯೂಟ್‌ಗಳಲ್ಲಿ ನೃತ್ಯಕ್ಕಿದ್ದಷ್ಟೇ ಬೇಡಿಕೆ ಹೌಸಿಗೂ ಇತ್ತು. ಬ್ರಿಟಿಷರು ಹೋದರು, ಕ್ಲಬ್ಬುಗಳು ಉಳಿದವು, ಹೌಸಿ ಉಳಿಯಿತು. ಕರಾವಳಿಯಲ್ಲಿ ಅದಕ್ಕೆ ಇನ್ನೊಂದು ಆಸರೆ ಸಿಕ್ಕಿತು. ಮಂಗಳೂರು ಕಡೆಯ ಚರ್ಚ್‌ಗಳ ಹಬ್ಬ, ಸಹಾಯಾರ್ಥ ಕಾರ್ಯಕ್ರಮಗಳಲ್ಲಿ ಹೌಸಿ ತಪ್ಪುವುದಿಲ್ಲ. ಪಕ್ಕದ ಗೋವಾದಲ್ಲಂತೂ ಮೈದಾನದ ತುಂಬ ಜನ ಕೂತು ಆಡುತ್ತಾರೆ. ಪಾದ್ರಿಯೊಬ್ಬರ ವಿರೋಧದಿಂದ ಹುಟ್ಟಿತೆಂಬ ಆಟ ಚರ್ಚ್ ಅಂಗಳದಲ್ಲೇ ಹಣ ಕೂಡಿಸಿಕೊಡುತ್ತಿರುವುದು ಚರಿತ್ರೆಯ ತಮಾಷೆ.

ಕ್ಲಬ್ಬಿನಿಂದ ಅದನ್ನು ಮನೆಗೆ ಕರೆತಂದವರು ಹೆಚ್ಚಾಗಿ ಹೆಂಗಸರು. ಕಿಟ್ಟಿ ಪಾರ್ಟಿ, ಮಹಿಳಾ ಸಮಾಜ, ಅಪಾರ್ಟ್‌ಮೆಂಟಿನ ಹಬ್ಬದೂಟ, ಮದುವೆಯ ಹಿಂದಿನ ಸಂಜೆ, ಎಲ್ಲೆಡೆ ಟಿಕೆಟ್ ಪುಸ್ತಕ ಹೊರಬಂತು. ಕೂಗು ಇಲ್ಲೂ ಬದಲಾಯಿತು. 88ರ ದಪ್ಪ ಹೆಂಗಸರು ಇಂಗ್ಲಿಷಿನಲ್ಲೇ ಉಳಿದರು. ಆದರೆ ಇಟಲಿಯವರು ಹೆಂಗಸಿನ ಕಾಲುಗಳೆಂದ 77 ನಮ್ಮಲ್ಲಿ ಎರಡು ಹಾಕಿ ಸ್ಟಿಕ್ ಆಯಿತು. ಅವರ ರೊಟ್ಟಿಯ 50 ನಮಗೆ ಅರ್ಧ ಶತಕ. ಅವರ ಸತ್ತವನು, 47, ನಮಗೆ ಸ್ವಾತಂತ್ರ್ಯ ಬಂದ ವರ್ಷ. 2020ರ ಲಾಕ್‌ಡೌನ್ ದಿನಗಳಲ್ಲಿ ಟಿಕೆಟ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಹಾರಿದವು. ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಸಿಕ್ಕಿಕೊಂಡಿದ್ದ ಕುಟುಂಬಗಳು ವಿಡಿಯೊ ಕಾಲ್‌ನಲ್ಲಿ ಆಡಿದವು.

ಟಿಕೆಟ್‌ನೊಳಗಿನ ಲೆಕ್ಕ

ನೋಡಲು ಸರಳವಾದ ಈ ಟಿಕೆಟ್‌ನಲ್ಲಿ ಅಚ್ಚುಕಟ್ಟಾದ ಲೆಕ್ಕವಿದೆ. ಮೂರು ಅಡ್ಡಸಾಲು, ಒಂಬತ್ತು ಕಂಬಸಾಲು, ಒಟ್ಟು 27 ಮನೆ. ಪ್ರತಿ ಅಡ್ಡಸಾಲಿನಲ್ಲಿ ಐದು ಸಂಖ್ಯೆ, ನಾಲ್ಕು ಖಾಲಿ. ಮೊದಲ ಕಂಬದಲ್ಲಿ 1ರಿಂದ 9, ಎರಡನೆಯದರಲ್ಲಿ 10ರಿಂದ 19, ಹೀಗೆ ಸಾಗಿ ಕೊನೆಯದರಲ್ಲಿ 80ರಿಂದ 90. ಟಿಕೆಟ್‌ಗೆ ಹದಿನೈದು ಸಂಖ್ಯೆಯಾದರೆ ಆರು ಟಿಕೆಟ್‌ಗೆ ತೊಂಬತ್ತು. ಬ್ರಿಟನ್ನಿನಲ್ಲಿ ಆರು ಟಿಕೆಟ್‌ಗಳ ಪಟ್ಟಿಯಲ್ಲಿ 1ರಿಂದ 90ರವರೆಗಿನ ಪ್ರತಿ ಸಂಖ್ಯೆಯೂ ಒಂದೊಂದೇ ಸಲ ಬರುವಂತೆ ಹೆಣೆಯುತ್ತಾರೆ. ಪೂರಾ ಪಟ್ಟಿ ಕೊಂಡವರು ಯಾವ ಸಂಖ್ಯೆಗೂ ಸುಮ್ಮನೆ ಕೂರಬೇಕಿಲ್ಲ.

ಒಂದೇ ಟಿಕೆಟ್ ಹಿಡಿದವರ ಹದಿನೈದೂ ಸಂಖ್ಯೆ ಮುಗಿಯಲು ಸರಾಸರಿ ಎಷ್ಟು ಕೂಗು ಬೇಕು? ಸುಮಾರು 85. ಅಂದರೆ ಚೀಲ ಹೆಚ್ಚುಕಡಿಮೆ ಬರಿದಾಗಬೇಕು. ಅದೇ ಟಿಕೆಟ್‌ನಲ್ಲಿ ಯಾವುದಾದರೂ ಐದು ಬರಲು ಸುಮಾರು 28 ಕೂಗು ಸಾಕು. ಆಡುವವರು ಹೆಚ್ಚಿದಷ್ಟೂ ಯಾರಿಗಾದರೂ ಬಹುಮಾನ ಬೇಗ ಸಿಗುತ್ತದೆ. ಫುಲ್ ಹೌಸ್ ಒಂದನ್ನೇ ಇಟ್ಟರೆ ನಡುವಿನ ಹೊತ್ತು ಸಪ್ಪೆ. ಆದ್ದರಿಂದಲೇ ಜಲ್ದಿ ಫೈವ್, ನಾಲ್ಕು ಮೂಲೆ, ಮೂರು ಸಾಲುಗಳ ಬಹುಮಾನಗಳು. ಗೆದ್ದವರು ಮುಂದಿನ ನಂಬರ್ ಕೂಗುವ ಮೊದಲೇ ಬಾಯಿ ಬಿಡಬೇಕು. ಅವಸರದಲ್ಲಿ ತಪ್ಪು ಹೇಳಿದರೆ ಟಿಕೆಟ್ ‘ಬೋಗಿ’, ಆಟದಿಂದ ಹೊರಗೆ. ಇವಿಷ್ಟು ಗೊತ್ತಿದ್ದರೆ ಮನೆಯಾಟಕ್ಕೆ ಸಾಕು. ನಗದಿನ ಬದಲು ಸ್ಟೀಲ್ ಡಬ್ಬಿ, ಚಾಕೊಲೇಟ್, ಹೂಕುಂಡ ಬಹುಮಾನವಾದರೆ ಸೋತವರ ಮುಖವೂ ಬಾಡುವುದಿಲ್ಲ.

ನಮ್ಮ ನಂಬರು ನಮ್ಮ ಕೂಗು

ಈಗ ಸಂಖ್ಯೆ ಕೂಗುವ ಆ್ಯಪ್‌ಗಳಿವೆ. ತಪ್ಪುವುದಿಲ್ಲ, ದಣಿಯುವುದಿಲ್ಲ, ಆಗಲೇ ಬಂದ ಸಂಖ್ಯೆಗಳ ಪಟ್ಟಿಯನ್ನೂ ಇಡುತ್ತವೆ. ಆದರೂ ಅರ್ಧ ಗಂಟೆಯಲ್ಲಿ ಒಬ್ಬೊಬ್ಬರೇ ಫೋನ್ ನೋಡತೊಡಗುತ್ತಾರೆ. ನೇಪಲ್ಸ್‌ನವರಿಗೂ ಸಿಪಾಯಿಗಳಿಗೂ ಗೊತ್ತಿದ್ದುದು ಆ್ಯಪ್‌ಗೆ ಗೊತ್ತಿಲ್ಲ. ಆಡುವವರ ಕೈಯಲ್ಲಿ ಕೌಶಲಕ್ಕೆ ಜಾಗವಿಲ್ಲದ್ದರಿಂದ ಆಟದ ಕೌಶಲವೆಲ್ಲ ಕೂಗುವವರ ನಾಲಿಗೆಗೆ ಸೇರಿದೆ. ಆ ನಾಲಿಗೆ ಊರಿನ ಮಾತಾಡಬೇಕು.

ಕನ್ನಡದಲ್ಲಿ ಅದಕ್ಕೆ ಬರಗಾಲವೇ? 5 ಪಾಂಡವರು, 9 ನವಗ್ರಹ, 14 ರಾಮನ ವನವಾಸ, 27 ನಕ್ಷತ್ರ, 60 ಸಂವತ್ಸರ, 64 ವಿದ್ಯೆ. 56 ರಾಜ್ಯ ಒಂದಾದ ವರ್ಷ, 73 ಅದಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷ, 83 ಕಪಿಲ್ ದೇವ್ ಪಡೆ ವಿಶ್ವಕಪ್ ಎತ್ತಿದ ವರ್ಷ. ಇದೂ ಸಾಲದಿದ್ದರೆ ಎಲ್ಲರ ಕಣ್ಣಿಗೂ ದಿನವೂ ಬೀಳುವ ವಾಹನಗಳ ನಂಬರ್ ಪ್ಲೇಟಿದೆ. ‘ಮಂಡ್ಯದ ಗಾಡಿ ಬಂತು’ ಎಂದರೆ 11, ‘ಕೊಡಗಿನ ಜೀಪು’ ಎಂದರೆ 12. ಮಂಗಳೂರು 19, ಉಡುಪಿ 20, ಬೆಳಗಾವಿ 22, ಧಾರವಾಡ 25, ಶಿರಸಿ 31, ಕಲಬುರಗಿ 32, ಬಳ್ಳಾರಿ 34, ಹುಬ್ಬಳ್ಳಿ 63. ಮೈಸೂರಿಗೆ 9 ಸಾಲದೆಂದು 55 ಕೂಡ ಇದೆ. ಕೂಗಿದ ಊರಿನವರು ಕೂತಿದ್ದರೆ ಚಪ್ಪಾಳೆ ತಟ್ಟಲಿ. ಯಾರು ಎಲ್ಲಿಯವರೆಂದು ಪರಿಚಯ ಮಾಡಿಸುವ ಕೆಲಸವೂ ಆಟದೊಳಗೇ ಮುಗಿಯುತ್ತದೆ.

ಹಾಗಾಗಿ ಮನೆಗೆ ಜನರನ್ನು ಕರೆದಾಗ ಟಿಕೆಟ್ ಪುಸ್ತಕಕ್ಕೆ ಅಂಗಡಿ ಅಲೆಯುವ ಮೊದಲು ಕೂಗುವವರನ್ನು ಗೊತ್ತು ಮಾಡಿಕೊಳ್ಳಿ. ಬಳಗದಲ್ಲಿ ಮಾತಿನಮಲ್ಲ ಚಿಕ್ಕಪ್ಪನೋ, ಯಾರನ್ನು ಬೇಕಾದರೂ ಅಣಕಿಸಿ ನಗಿಸುವ ಅತ್ತೆಯೋ ಒಬ್ಬರು ಇದ್ದೇ ಇರುತ್ತಾರೆ. ಚೀಲವನ್ನು ಅವರ ಕೈಗೆ ಕೊಟ್ಟರೆ, ಒಂದು ಸಾಲೂ ತುಂಬದವರು ಕೂಡ ಇನ್ನೊಂದು ಸುತ್ತಿಗೆ ಟಿಕೆಟ್ ಕೇಳುತ್ತಾರೆ.