ಸಕ್ಕರೆ ಬೇನೆಯ ಮೂರು ರಕ್ತಪರೀಕ್ಷೆಗಳು

"ನಾನು ಸಣಕಲ, ನನಗೆಲ್ಲಿಯ ಸಕ್ಕರೆ ಬೇನೆ?" ಎನ್ನುವವರು ನಮ್ಮಲ್ಲಿ ಬಹಳ ಮಂದಿ ಉಂಟು. ಈ ಧೈರ್ಯಕ್ಕೆ ಆಧಾರವಿಲ್ಲವೆಂಬುದನ್ನು ನಮ್ಮ ಪುಣೆಯಲ್ಲಿಯೇ ಕಂಡುಕೊಂಡಿದ್ದಾರೆ. ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರ ತಂಡವು 1993ರಿಂದ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಮಕ್ಕಳನ್ನೂ ಅಭ್ಯಾಸಮಾಡಿತು. ಅಲ್ಲಿಯ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ಬಹಳ ಕಡಿಮೆ. ಆದರೆ ಮೈಯ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ತೆಳ್ಳಗಿದ್ದೂ ಕೊಬ್ಬುಳ್ಳ ಇಂಥ ಮೈಗೆ ಮಧುಮೇಹದ ಭಯ ಹೆಚ್ಚು. ಆದುದರಿಂದ ಕನ್ನಡಿಯನ್ನು ನಂಬದೆ ರಕ್ತವನ್ನು ನೋಡಿಸುವುದು ಲೇಸು.

ಮೊದಲನೆಯ ಪರೀಕ್ಷೆಯನ್ನು ಎಂಟು ತಾಸಿನ ಉಪವಾಸದ ಬಳಿಕ ಮಾಡುವರು. 100 ಮಿಲಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಸಕ್ಕರೆ ಇದ್ದರೆ ಮಧುಮೇಹ. ಇದು ಸುಲಭ, ಅಗ್ಗ. ಆದರೆ ಉಪವಾಸದಲ್ಲಿ ಸರಿಯಾಗಿದ್ದು, ಉಂಡ ಮೇಲೆ ಮಾತ್ರ ಸಕ್ಕರೆ ಏರುವವರು ಇದರಿಂದ ತಪ್ಪಿಸಿಕೊಳ್ಳುತ್ತಾರೆ.

ಅಂಥವರನ್ನು ಹಿಡಿಯುವುದು ಎರಡನೆಯದು. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿಸಿ ಎರಡು ತಾಸಿನ ಮೇಲೆ ನೋಡುವರು. 200 ಮುಟ್ಟಿದರೆ ಬೇನೆ. 140ರಿಂದ 199ರವರೆಗೆ ಎಚ್ಚರಿಕೆಯ ಗಂಟೆ. ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ನೋಡುವ ಕ್ರಮವೇ ತಕ್ಕದ್ದು.

ಮೂರನೆಯದು ಎಚ್‌ಬಿಎ1ಸಿ. ರಕ್ತದ ಸಕ್ಕರೆ ಕೆಂಪು ಕಣಗಳ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಕಣದ ಆಯುಷ್ಯ ಸುಮಾರು 120 ದಿನ. ಆದ್ದರಿಂದ ಇದು ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಶೇಕಡಾ 6.5 ಬೇನೆಯ ಗಡಿ. ಉಪವಾಸ ಬೇಡ. ಆದರೆ ಕಣದ ಆಯುಷ್ಯ ಬದಲಾದರೆ ಲೆಕ್ಕವೂ ಕೆಡುತ್ತದೆ. ಕಬ್ಬಿಣದ ಕೊರತೆಯಿದ್ದರೆ ಇಲ್ಲದ ಸಕ್ಕರೆ ಇದ್ದಂತೆ ಕಾಣಬಹುದು. ರಕ್ತ ಹೋಗಿದ್ದರೆ, ಬೇರೆಯವರ ರಕ್ತ ಕೊಡಿಸಿದ್ದರೆ, ಇದ್ದ ಸಕ್ಕರೆ ಮರೆಯಾಗಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಹೀಗಿರುವಾಗ ಮನೆಯ ಹೆಣ್ಣುಮಕ್ಕಳಿಗೆ ಈ ಪರೀಕ್ಷೆಯೊಂದನ್ನೇ ನಂಬುವುದು ಸಲ್ಲದು. ಹಿಮೋಗ್ಲೋಬಿನ್ನನ್ನೂ ಜೊತೆಗೆ ನೋಡಿಸಬೇಕು.

ಮೂರೂ ಪರೀಕ್ಷೆಗಳು ಒಂದೇ ಜನರನ್ನು ಗುರುತಿಸುವುದಿಲ್ಲವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಬೇನೆಯ ಲಕ್ಷಣಗಳಿಲ್ಲದವರು ಒಂದೇ ಚೀಟಿಯನ್ನು ನೋಡಿ ಗಾಬರಿಯಾಗಬಾರದು. ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಒಂದೇ ಚೀಟಿಯನ್ನು ನೋಡಿ ನಿಶ್ಚಿಂತರಾಗುವುದೂ ಬೇಡ. ಈ ಬೇನೆ ಸದ್ದಿಲ್ಲದೆ ಕಣ್ಣನ್ನೂ ಮೂತ್ರಪಿಂಡವನ್ನೂ ತಿನ್ನುವಂಥದು. ಚೀಟಿಯ ಅಂಕೆಯೊಡನೆ, ಮನೆತನದಲ್ಲಿ ಯಾರಿಗೆ ಬೇನೆಯಿತ್ತೆಂಬುದನ್ನೂ ವೈದ್ಯರಿಗೆ ತಿಳಿಸಿ ಕೇಳಿರೆಂದು ನಮ್ಮ ಬಿನ್ನಹ.